ಗಲೀಜು ತೆಗೆದ ಫೋಟೋ

ಸುಮಾ,

ಹೆಸರಿನ ಹಿಂದೆ "ಪ್ರೀತಿಯ" ಎಂದು ಬರೆದಿದ್ದೆ. ಮನಸ್ಸಿಗೆ ಸುಳ್ಳು ಅನ್ನಿಸಿ ಆ ಹಾಳೆ ಹರಿದು ಹೊಸದಾಗಿ ಶುರು ಮಾಡಿದ್ದೇನೆ. ವಾಟ್ಸಾಪಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ನಾನು ನಾಲ್ಕು ಸಾಲು ಬರೆಯುವಷ್ಟರಲ್ಲಿ ನೀನು ಒಂದು ನಗುವ ಮುಖ ಕಳಿಸಿ ಮಾತು ಮುಗಿಸಿಬಿಡುತ್ತೀಯ. ಕಾಗದದಲ್ಲಿ ಆ ಸೌಕರ್ಯ ಇಲ್ಲ, ಪೂರ್ತಿ ಓದಲೇಬೇಕು.

ನಿಮ್ಮ ಬಸವೇಶ್ವರನಗರದ ಮನೆಯ ಹಾಲ್‌ನಲ್ಲಿ ಹಾಕಿರುವ ನಿನ್ನ ಮದುವೆ ಫೋಟೋ ಚೆನ್ನಾಗಿದೆ. ಇದು ಕೊಂಕಲ್ಲ, ಕಸುಬಿನವಳಾಗಿ ಹೇಳುತ್ತಿದ್ದೇನೆ. ನಿನ್ನ ಮುಖದಲ್ಲಿ ಒಂದು ಚುಕ್ಕೆಯಿಲ್ಲ, ರಾಜೇಂದ್ರನ ಪೇಟದ ಜರಿ ಫಳಫಳ ಹೊಳೆಯುತ್ತದೆ. ಹಿಂಬದಿಯಂತೂ ಆಗಷ್ಟೇ ಒರೆಸಿದ ಕಪ್ಪು ಹಲಗೆಯ ಹಾಗೆ ನುಣ್ಣಗಿದೆ. ಆ ನುಣುಪಿನ ಜಾಗದಲ್ಲಿ ನಮ್ಮಮ್ಮ ಇದ್ದಳು. ನಾನು ಬಹಳ ಕಷ್ಟಪಟ್ಟು ಅವಳನ್ನು ಆ ಕತ್ತಲಿನಿಂದ ಹೊರಗೆ ತಂದಿದ್ದೆ, ನೀನು ಸುಲಭವಾಗಿ ವಾಪಸ್ಸು ಕಳಿಸಿದೆ.

ನನ್ನ ಕೆಲಸ ಏನೆಂದು ನಿನಗೆ ಇಷ್ಟು ವರ್ಷವಾದರೂ ಸರಿಯಾಗಿ ಗೊತ್ತಿಲ್ಲ. ನೆಂಟರ ಮುಂದೆ "ನಮ್ಮಕ್ಕ ಮೊಡವೆ ಅಳಿಸ್ತಾಳೆ" ಎಂದು ಎಲ್ಲರನ್ನೂ ನಗಿಸುತ್ತಿದ್ದೆ, ನಾನೂ ಅವರ ಜೊತೆ ಹಲ್ಲು ಕಿರಿಯುತ್ತಿದ್ದೆ. ಈಗ ಸ್ವಲ್ಪ ಕೇಳಿಸಿಕೋ, ಯಾಕೆಂದರೆ ನೀನು ಮಾಡಿದ್ದು ಏನೆಂದು ತಿಳಿಯಬೇಕಾದರೆ ಇದು ಗೊತ್ತಿರಬೇಕು. ರಾಜಾಜಿನಗರದ ನಮ್ಮ ಲ್ಯಾಬಿಗೆ ಜನ ಫೋನಿನಲ್ಲಿ ಸೊಗಸಾಗಿ ಕಾಣುವ ಫೋಟೋ ತಂದು, ಇದನ್ನು ಗೋಡೆಯಷ್ಟು ದೊಡ್ಡದು ಮಾಡಿಕೊಡಿ ಎನ್ನುತ್ತಾರೆ. ಬೆಳಕು ಸಾಲದ ಕಡೆ ಕ್ಯಾಮೆರಾ ಇಲ್ಲದ ಬೆಳಕನ್ನು ಎಳೆದು ತರಲು ಹೋಗುತ್ತದೆ. ಆಗ ನೆರಳು ಇರುವಲ್ಲೆಲ್ಲ ಕೆಂಪು, ಹಸಿರು, ಬಿಳಿ ಚುಕ್ಕೆಗಳು ಉದುರಿಕೊಳ್ಳುತ್ತವೆ. ಅದಕ್ಕೇ ನಾವು ನಾಯ್ಸ್ ಎನ್ನುವುದು, ಆ ಪದವನ್ನು ನೀನು ನನ್ನ ಬಾಯಲ್ಲಿ ಕೇಳಿದ್ದೀಯ. ಅಂಗೈಯಗಲದ ಫೋನಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಮೂರಡಿ ಕ್ಯಾನ್ವಾಸಿಗೆ ಹಿಗ್ಗಿಸಿದಾಗ ಮದುಮಗಳ ಕೆನ್ನೆಯ ಮೇಲೆ ರವೆ ಚೆಲ್ಲಿದಂತೆ ಎದ್ದು ಕಾಣುತ್ತದೆ.

ಅದನ್ನು ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ. ಪರದೆಯ ಮೇಲೆ ಒಂದು ಗುಂಡಿಯನ್ನು ಬಲಕ್ಕೆ ಎಳೆದರೆ ಹೋಗುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಕೆಲಸ. ಕಂಪ್ಯೂಟರಿಗೆ ಚುಕ್ಕೆ ಎಂದರೆ ಚುಕ್ಕೆ, ಅದು ನಾಯ್ಸೋ, ರೇಷ್ಮೆ ಸೀರೆಯ ನೇಯ್ಗೆಯೋ, ಅಜ್ಜನ ಕುರುಚಲು ಗಡ್ಡವೋ ಅದಕ್ಕೆ ಬೇಕಿಲ್ಲ. ಅತಿಯಾಗಿ ಎಳೆದರೆ ಮನೆಮಂದಿಯೆಲ್ಲ ಮೇಣದ ಗೊಂಬೆಗಳು. ಬಣ್ಣದ ಚುಕ್ಕೆಗಳನ್ನು ಧಾರಾಳವಾಗಿ ತೆಗೆಯಬಹುದು. ಬಿಳಿ ಕಪ್ಪಿನವನ್ನು ಮುಟ್ಟುವಾಗ ಮಾತ್ರ ಕೈ ಬಿಗಿ ಹಿಡಿಯಬೇಕು, ಮುಖದ ಕಳೆಯೂ ಅವುಗಳ ನಡುವೆಯೇ ಇರುತ್ತದೆ. ಅದಕ್ಕೇ ಗೋಡೆಗೆ ಒಂದು ಅಳತೆ, ಬಟ್ಟೆಗೆ ಒಂದು, ಮುಖಕ್ಕೆ ಇನ್ನೊಂದು ಇಟ್ಟುಕೊಂಡು ಕೆಲಸ ಮಾಡುತ್ತೇವೆ.

ಈಗ ನಿನ್ನ ಮದುವೆಗೆ ಬರುತ್ತೇನೆ. ದೀಪಾಂಜಲಿ ನಗರದ ಆ ಛತ್ರದಲ್ಲಿ ಬೆಳಗಿನ ಜಾವದ ಮುಹೂರ್ತ. ವಿಡಿಯೋದವರ ಲೈಟುಗಳೆಲ್ಲ ಮಂಟಪದ ಮೇಲೆ, ಉಳಿದ ಕಡೆ ಮಬ್ಬುಗತ್ತಲು. ಧಾರೆಗೆ ಮಹದೇವ್ ಮಾವನೂ ಅತ್ತೆಯೂ ಕೂತರು. ಅಪ್ಪ ಹೋದ ಮೇಲೆ ಅಮ್ಮ ಅಲ್ಲಿ ಕೂರುವಂತಿಲ್ಲ ಎನ್ನುವುದು ನಮಗೆಲ್ಲ ಗೊತ್ತಿದ್ದದ್ದೇ, ಯಾರೂ ಅದನ್ನು ಮಾತಿಗೆ ತೆಗೆಯಲಿಲ್ಲ. ಆದರೆ ಮಗಳ ಮದುವೆಯನ್ನು ನಿಂತು ನೋಡಲೂಬಾರದು ಎಂದು ಯಾರು ಹೇಳಿದ್ದರು? ಹೇಳುವವರಿಗೆ ಕಷ್ಟ ಕೊಡದೆ ಅಮ್ಮ ತಾನಾಗಿಯೇ ಸರಿದುಕೊಂಡಳು. ಗಟ್ಟಿಮೇಳದ ಹೊತ್ತಿಗೆ ನಾನು ತಿರುಗಿ ನೋಡಿದರೆ ಎಲ್ಲೂ ಇಲ್ಲ. ಆಮೇಲೆ ಕೇಳಿದ್ದಕ್ಕೆ, "ಉಗ್ರಾಣದಲ್ಲಿ ತೆಂಗಿನಕಾಯಿ ನೋಡ್ಕೊತಿದ್ದೆ ಕಣೇ. ತಾಂಬೂಲಕ್ಕೆ ಸಾಲ್ದೆ ಹೋದ್ರೆ ಮರ್ಯಾದೆ ಹೋಗ್ತದೆ" ಎಂದಳು. ನಾನು ನಂಬಿದೆ. ನೀನು ಕೇಳಲೇ ಇಲ್ಲ.

ಮದುಮಗಳಿಗೆ ಆ ಗಡಿಬಿಡಿಯಲ್ಲಿ ಯಾರು ಎಲ್ಲಿದ್ದಾರೆ ಎಂದು ನೋಡಲು ಆಗುವುದಿಲ್ಲ, ಅದನ್ನು ನಾನು ನಿನ್ನ ಲೆಕ್ಕಕ್ಕೆ ಬರೆಯುತ್ತಿಲ್ಲ. ಆದರೂ ನನಗೆ ನಿನ್ನ ಸ್ಕೂಲ್ ಡೇ ನೆನಪಾಗುತ್ತದೆ. ಆಗ ಅಪ್ಪ ಹೋಗಿ ಇನ್ನೂ ವರ್ಷ ಕಳೆದಿರಲಿಲ್ಲ. ಅಮ್ಮ ಮಾಗಡಿ ರಸ್ತೆಯ ಊದುಬತ್ತಿ ಕಾರ್ಖಾನೆಯಿಂದ ಕೆಲಸ ಮುಗಿಸಿ, ಮೈಯೆಲ್ಲ ಗಂಧದ ಪುಡಿ ಮಾಡಿಕೊಂಡು ಓಡಿ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಳು. ನೀನು ಡಾನ್ಸಿಗೆ ಬಂದವಳು ಹಾಡು ಶುರುವಾದರೂ ಕೈಕಾಲು ಆಡಿಸದೆ ನಿಂತುಬಿಟ್ಟೆ. "ನಮ್ಮಮ್ಮ ಮುಂದೆ ಬರ್ಲಿ, ಆಮೇಲೆ ಮಾಡ್ತೀನಿ" ಎಂದು ಮೈಕಿನಲ್ಲೇ ಹೇಳಿದೆ. ಟೀಚರ್ ತಲೆ ಚಚ್ಚಿಕೊಂಡು ಅಮ್ಮನನ್ನು ಮುಂದಿನ ಸಾಲಿಗೆ ಕರೆತಂದರು. ಅಮ್ಮನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ, ಆದರೆ ವರ್ಷಗಟ್ಟಲೆ ಆ ಕಥೆಯನ್ನು ಬೀದಿಯವರಿಗೆಲ್ಲ ಹೇಳಿದಳು. ಆ ಹುಡುಗಿ ಎಲ್ಲಿ ಹೋದಳು ಎಂದು ನನಗೆ ತಿಳಿಯುವುದಿಲ್ಲ.

ನಿಮ್ಮ ಮದುವೆಗೆ ಒಂದು ವರ್ಷ ತುಂಬಿದಾಗ ಏನಾದರೂ ನನ್ನ ಕೈಯಿಂದಲೇ ಮಾಡಿದ್ದು ಕೊಡಬೇಕೆಂದು ಆಸೆಯಾಯಿತು. ಫೋಟೋಗ್ರಾಫರ್ ಹತ್ತಿರ ಹೋಗಿ, ಆಲ್ಬಮ್ಮಿಗೆ ಹಾಕಿದ್ದಲ್ಲ, ಕ್ಯಾಮೆರಾದಿಂದ ಇಳಿಸಿದ ಮೂಲ ಫೈಲೇ ಬೇಕೆಂದು ಹಟ ಹಿಡಿದು ತಂದೆ. ರಾಜೇಂದ್ರ ತಾಳಿ ಕಟ್ಟುತ್ತಿರುವ ಫೋಟೋ. ಲ್ಯಾಬಿನಲ್ಲಿ ತೆರೆದರೆ ಮಂಟಪ ಚೆನ್ನಾಗಿದೆ, ಹಿಂಬದಿಯ ಕತ್ತಲಿನಲ್ಲಿ ನಾಯ್ಸ್ ಕುದಿಯುತ್ತಿದೆ. ಪ್ರಿಂಟರ್ ನೋಡಿಕೊಳ್ಳುವ ಫಕೀರೇಶ, ಗದಗಿನವನು, ಹೆಗಲ ಹಿಂದಿನಿಂದ ಇಣುಕಿ, "ಆಟೋ ಹಾಕಿ ಬಿಡ್ರಿ ಅಕ್ಕಾರ, ಹಿಂದಿಂದು ಯಾರ ನೋಡ್ತಾರ" ಎಂದ. ಹಾಕಿದೆ. ಕಂಪ್ಯೂಟರೇ ತಾನಾಗಿ ಅಳತೆ ನೋಡಿಕೊಂಡು ಕ್ಷಣದಲ್ಲಿ ಎಲ್ಲ ತಿಳಿ ಮಾಡಿತು. ಅಭ್ಯಾಸದಂತೆ ಮೊದಲಿನದನ್ನೂ ಈಗಿನದನ್ನೂ ಹಿಂದೆ ಮುಂದೆ ಮಾಡಿ ನೋಡುವಾಗ ಉಗ್ರಾಣದ ಬಾಗಿಲ ಬಳಿ ಏನೋ ಬಂದು ಹೋದಂತಾಯಿತು. "ಅಲ್ಲಿ ಯಾರೋ ನಿಂತಾರಲ್ರೀ" ಎಂದು ಫಕೀರೇಶನೂ ಹೇಳಿದ.

ಆಟೋ ತೆಗೆದುಹಾಕಿ ಆ ಮೂಲೆಯ ಬೆಳಕನ್ನು ಸ್ವಲ್ಪ ಸ್ವಲ್ಪವೇ ಏರಿಸಿದೆ. ಬಾಗಿಲ ಮರೆಯಲ್ಲಿ ಅಮ್ಮ. ಅರ್ಧ ಮೈ ಒಳಗೆ, ಅರ್ಧ ಹೊರಗೆ. ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾಳೆ, ಕಣ್ಣು ನಿನ್ನ ಮೇಲಿದೆ. ಬಲಗೈ ಎತ್ತಿದ್ದಾಳೆ. ಆ ಕೈಯ ಮುಂದೆ ನಾಲ್ಕಾರು ಬಿಳಿ ಚುಕ್ಕೆಗಳು. ಮೊದಲು ಅವೂ ನಾಯ್ಸ್ ಎಂದುಕೊಂಡೆ. ದೊಡ್ಡದು ಮಾಡಿ ನೋಡಿದರೆ ಅಕ್ಷತೆ. ಎಲ್ಲರೂ ಮಂಟಪದ ಸುತ್ತ ನಿಂತು ನಿನ್ನ ತಲೆಗೆ ಅಕ್ಷತೆ ಹಾಕುತ್ತಿರುವಾಗ ನಮ್ಮಮ್ಮ ಆ ಕತ್ತಲಿನಿಂದ, ನಿನಗೆ ಯಾವತ್ತೂ ತಲುಪದಷ್ಟು ದೂರದಿಂದ ಹಾಕಿದ್ದಾಳೆ. ಕಂಪ್ಯೂಟರು ಅದನ್ನು ಕಸವೆಂದು ಗುಡಿಸಿತ್ತು. ಅದನ್ನು ನಾನು ಬೈಯಲಾರೆ, ಅದಕ್ಕೆ ತಾಯಿ ಇಲ್ಲ.

ಅವತ್ತು ನಾನು ಪರದೆಯ ಮುಂದೆ ಕೂತು ಅತ್ತುಬಿಟ್ಟೆ. ಫಕೀರೇಶ ಹೋಗಿ ಟೀ ತಂದಿಟ್ಟ.

ಆಮೇಲೆ ಊಟದ ಬಿಡುವಿನಲ್ಲೆಲ್ಲ ಆ ಮೂಲೆಯ ಮೇಲೆ ಕೂತೆ. ಗೋಡೆಯ ನಾಯ್ಸನ್ನು ಪೂರ್ತಿ ಇಳಿಸಿದೆ, ಸೀರೆಯದನ್ನು ಅರ್ಧ, ಅಮ್ಮನ ಮುಖದ್ದನ್ನು ಕೂದಲೆಳೆಯಷ್ಟು. ಕೈಯನ್ನು ಮುಟ್ಟಲೇ ಇಲ್ಲ. ಯಾವುದು ಅಕ್ಷತೆ, ಯಾವುದು ನಾಯ್ಸ್ ಎಂದು ಒಂದೊಂದನ್ನೂ ಹಿಗ್ಗಿಸಿ ನೋಡಿ ಉಳಿಸಿದೆ. ಅಂಚುಗಳನ್ನು ಚೂಪು ಮಾಡುವ ಕೆಲಸವನ್ನು ಕೊನೆಗೆ ಇಟ್ಟುಕೊಂಡೆ, ಮೊದಲೇ ಮಾಡಿದರೆ ನಾಯ್ಸೇ ಚೂಪಾಗಿಬಿಡುತ್ತದೆ. ಅಮ್ಮ ಎಲ್ಲಿಂದಲೋ ಕತ್ತರಿಸಿ ಅಂಟಿಸಿದವಳಂತೆ ಕಾಣಬಾರದೆಂದು ಇಡೀ ಫೋಟೋದ ಮೇಲೆ ಒಂದೇ ಸಮನಾಗಿ ತೆಳ್ಳಗೆ ಒರಟುತನ ಹರಡಿದೆ. ನಿಜ, ಆ ಮೂಲೆ ನಿನ್ನ ಮುಖದಷ್ಟು ನುಣ್ಣಗೆ ಬರಲಿಲ್ಲ. ಹತ್ತಿರ ಹೋದರೆ ಸ್ವಲ್ಪ ಮರಳು ಮರಳಾಗಿ ಕಾಣುತ್ತಿತ್ತು. ಸೋಫಾದಲ್ಲಿ ಕೂತು ನೋಡುವವರಿಗೆ ಅಮ್ಮ ಕಾಣುತ್ತಿದ್ದಳು.

ದೊಡ್ಡ ಪ್ರಿಂಟಿಗೆ ಮೊದಲು ಆ ಮೂಲೆಯನ್ನಷ್ಟೇ ಅದೇ ಅಳತೆಯಲ್ಲಿ ಒಂದು ತುಂಡು ಕಾಗದಕ್ಕೆ ಹಾಕಿ ನೋಡುವುದು ನಮ್ಮ ಪದ್ಧತಿ. ಆ ತುಂಡನ್ನು ಕುರುಬರಹಳ್ಳಿಯ ಮನೆಗೆ ತಂದು ಅಮ್ಮನಿಗೆ ತೋರಿಸಿದೆ. ಅವರೆಕಾಯಿ ಸುಲಿಯುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. "ಯಾರೇ ಇದು" ಎಂದಳು. ಗುರುತು ಹತ್ತಿದಾಗ ಮುಖ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗಾಯಿತು. "ಅಯ್ಯೋ, ನಾನು ಕಾಣಿಸ್ಬಿಟ್ನಾ? ಅಷ್ಟು ಮರೇಲಿ ನಿಂತಿದ್ನಲ್ಲೇ" ಎಂದಳು. ಆ ತುಂಡನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು, "ಇದನ್ನ ಸುಮಾ ಮನೇಲಿ ಹಾಕ್ತಾರಾ?" ಎಂದು ಕೇಳಿದಳು. ಹಾಕದೆ ಏನು, ಹಾಲ್‌ನಲ್ಲೇ ಹಾಕ್ತಾರೆ ಎಂದೆ. ಎಷ್ಟು ನಂಬಿಕೆ ನೋಡು ನನಗೆ.

ಆವತ್ತಿನಿಂದ ಅಮ್ಮ ಬೇರೆಯೇ ಆಗಿಬಿಟ್ಟಳು. ಆ ತುಂಡು ಕಾಗದವನ್ನು ಬೀರುವಿನಿಂದ ತೆಗೆದು ಪಕ್ಕದ ಮನೆಯ ಲಕ್ಷ್ಮಿದೇವಮ್ಮನಿಗೆ ತೋರಿಸಿ, "ನಾನೂ ಅಕ್ಷತೆ ಹಾಕಿದ್ದು ಫೋಟೋದಲ್ಲಿ ಬಂದೈತೆ" ಎಂದಳು. ಲಕ್ಷ್ಮಿದೇವಮ್ಮ ಬೇಸರವಿಲ್ಲದೆ ಮೂರ್ನಾಲ್ಕು ಸಲ ನೋಡಿದರು. ನೀನು ನನ್ನ ಪ್ರಿಂಟು ಸಿಕ್ಕಿದಾಗ "ಸೂಪರ್ ಅಕ್ಕ" ಎಂದೆ. ಅಮ್ಮ ಕಂಡಳೋ ಎಂದು ನಾನು ಕೇಳಿದ್ದಕ್ಕೆ ನೀನು, "ಹೂಂ ಕಣೇ, ನೋಡ್ದೆ" ಎಂದೆ. ಅಷ್ಟೇ ಅಂದೆ. ನಾನು ಆ "ಹೂಂ" ಅನ್ನು ಕಣ್ಣೀರು ತಡೆದುಕೊಂಡ ದನಿ ಎಂದುಕೊಂಡೆ.

ಅಮ್ಮ ನನ್ನ ಜೊತೆ ನಿಮ್ಮ ಮನೆಗೆ ಬಂದಳಲ್ಲ, ಒಳ್ಳೆಯ ಸೀರೆ ಉಟ್ಟು, ನಿನಗಿಷ್ಟವೆಂದು ಕೋಡುಬಳೆ ಮಾಡಿಕೊಂಡು, ಅವಳು ಬಂದದ್ದು ನಿನ್ನನ್ನು ನೋಡಲು ಮಾತ್ರವಲ್ಲ. ಚಪ್ಪಲಿ ಬಿಟ್ಟವಳೇ ಗೋಡೆಯ ಕಡೆ ನೋಡಿದಳು. ನಾನೂ ನೋಡಿದೆ. ನಾನು ಕೊಟ್ಟದ್ದಕ್ಕಿಂತ ದೊಡ್ಡ ಪ್ರಿಂಟು, ಬೇರೆ ಫ್ರೇಮು, ಮೂಲೆಯಲ್ಲಿ ಬರೀ ಕಪ್ಪು. ನನ್ನ ಮುಖ ನೋಡಿ ನೀನೇ ಮಾತು ತೆಗೆದೆ. "ನೀನ್ ಕೊಟ್ಟಿದ್ದು ಸಖತ್ತಾಗಿತ್ತು ಅಕ್ಕ. ಹಿಂದೆ ಸ್ವಲ್ಪ ನಾಯ್ಸ್ ಇತ್ತಲ್ವಾ, ಅದಕ್ಕೇ ಬೇರೆ ಕಡೆ ಕೊಟ್ಟು ಕ್ಲೀನ್ ಮಾಡಿಸ್ದೆ." ನಾಯ್ಸ್ ಎಂಬ ಆ ಪದವನ್ನು ನಿನಗೆ ಕಲಿಸಿದವಳು ನಾನೇ. ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಹಾಕಿಕೊಂಡು, ಆ ಮೂಲೆಯನ್ನು ಇನ್ನೊಮ್ಮೆ ನೋಡಿದಳು. ಕನ್ನಡಕದ ತಪ್ಪಿರಬಹುದು ಎಂದುಕೊಂಡಳು ಪಾಪ. ಆಮೇಲೆ, "ಚೆನ್ನಾಗೈತೆ ಕಣವ್ವ, ನೀನು ಲಕ್ಷಣವಾಗಿ ಬಂದಿದೀಯ" ಎಂದು ಹೇಳಿ ನೀನು ಕೊಟ್ಟ ಕಾಫಿ ಕುಡಿದಳು.

ಬಸ್ಸಿನಲ್ಲಿ ಬರುವಾಗ ರಾಜೇಂದ್ರ ಸೊರಗಿದ್ದಾನೆ, ನಿಮ್ಮ ಮನೆಯ ತುಳಸಿ ಒಣಗಿದೆ, ಇಂಥದ್ದೇ ಮಾತು. ನಮ್ಮ ಸ್ಟಾಪು ಹತ್ತಿರ ಬಂದಾಗ, "ಅತ್ತೆ ಮನೆಯೋರು ಏನಾರ ಅಂದಿರ್ತಾರೆ. ಮಗು ಏನ್ ಮಾಡ್ತದೆ, ಅವ್ರ ಮನೇಲಿ ಬಾಳ್ಬೇಕಲ್ಲ" ಎಂದಳು. ನನಗೂ ಹಾಗೇ ಅನ್ನಿಸಿತ್ತು. ನಿನ್ನ ಅತ್ತೆ ಇಂದ್ರಮ್ಮನವರಿಗೆ ಮನಸ್ಸಿನಲ್ಲೇ ಹಿಡಿ ಹಿಡಿ ಶಾಪ ಹಾಕಿದೆ. ಎಷ್ಟೋ ದಿನ ಅದೇ ಸಿಟ್ಟಿನಲ್ಲಿ ಹಲ್ಲು ಕಡಿದುಕೊಂಡು ಕೆಲಸ ಮಾಡಿದೆ.

ಹೋದ ವಾರ ಇಂದ್ರಮ್ಮನವರು ನಮ್ಮ ಲ್ಯಾಬಿಗೆ ಬಂದಿದ್ದರು. ಇದು ನಿನಗೆ ಗೊತ್ತಿರಲಾರದು. ಆಟೋದಲ್ಲಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ನನ್ನ ಫ್ರೇಮನ್ನು ಇಟ್ಟುಕೊಂಡು. "ಅಟ್ಟದ ಮೇಲೆ ಹಾಕಿದ್ಲು ಕಣಮ್ಮ. ಧೂಳು ಹೊಡೆಯೋಕೆ ಹೋದಾಗ ಸಿಕ್ತು. ಹೆತ್ತ ತಾಯಿ ಇರೋ ಫೋಟೋ, ಅಲ್ಲಿ ಬಿದ್ದಿರೋದು ನಂಗೆ ಸರಿ ಕಾಣ್ಲಿಲ್ಲ" ಎಂದರು. ನಾನು ಮುಖ ಗಂಟಿಕ್ಕಿಕೊಂಡೇ, ನೀವೇ ತಾನೇ ಬೇಡ ಅಂದಿದ್ದು ಎಂದೆ. ಆ ಹೆಂಗಸು ಬೆಪ್ಪಾಗಿ ನಿಂತರು. "ನಾನಾ? ಬಂದೋರು ಏನಂತಾರೋ ಅಂತ ನಂಗೂ ಒಂದ್ಸಲ ಅನ್ನಿಸ್ತು, ಸುಳ್ಳು ಹೇಳಲ್ಲ. ಆದ್ರೆ ತೆಗಿ ಅಂತ ನಾನ್ಯಾವತ್ತೂ ಹೇಳಿಲ್ಲಮ್ಮ. ಹಿಂದೆ ಗಲೀಜಾಗಿದೆ, ಬೇರೆ ಮಾಡಿಸ್ತೀನಿ ಅಂದಿದ್ದು ಸುಮಾನೇ."

ಗಲೀಜು. ಇಂದ್ರಮ್ಮನವರು ಹೋದ ಮೇಲೂ ಆ ಒಂದು ಪದ ಕಿವಿಯಲ್ಲಿ ಕೂತಿತ್ತು. ಅತ್ತೆಯ ಭಯಕ್ಕೆ ಮಾಡಿದೆ ಎಂದಿದ್ದರೆ ನಾನು ಎರಡು ದಿನ ಎಗರಾಡಿ ಸುಮ್ಮನಾಗುತ್ತಿದ್ದೆ. ಯಾರೂ ಕೇಳದಿದ್ದರೂ ನೀನೇ ಮುಂದಾಗಿ ಮಾಡಿದೆಯಲ್ಲ, ಅದನ್ನು ನಾನು ಎಲ್ಲಿಟ್ಟುಕೊಳ್ಳಲಿ? ಮುಹೂರ್ತದ ಗಳಿಗೆಯಲ್ಲಿ ಅಮ್ಮ ಮರೆಗೆ ಹೋದಳು, ಅದು ಅವಳಿಗೆ ಯಾರೋ ಕಲಿಸಿದ ಪಾಠ. ಆ ಗಳಿಗೆ ಮುಗಿದ ಮೇಲೆ ಅವಳೇ ಹೊರಗೆ ಬಂದು ಎಲೆ ಹಾಕಿಸಿದಳು, ಬೀಗರಿಗೆ ಕುಂಕುಮದ ತಟ್ಟೆ ಹಿಡಿಯುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿದಳು. ನೀನು ಮಾಡಿದ್ದು ಗಳಿಗೆಯ ಮಾತಲ್ಲ. ನಿನ್ನ ಗೋಡೆಯ ಮೇಲೆ ನಿನ್ನ ತಾಯಿ ನಿನ್ನ ಮದುವೆಗೆ ಬಂದೇ ಇಲ್ಲ. ನಿನ್ನ ಮಕ್ಕಳು ನೋಡುವುದು ಅದನ್ನೇ.

ಮದುವೆಯಾಗದ ಅಕ್ಕನ ಹೊಟ್ಟೆಕಿಚ್ಚು ಎಂದು ನೀನು ಅಂದುಕೊಳ್ಳಬಹುದು. ಅಂದುಕೋ. ನನಗೆ ಹೊಟ್ಟೆಕಿಚ್ಚು ಇರುವುದು ನಿಜ, ಅಮ್ಮ ಆ ಫೋಟೋದಲ್ಲಿ ನಿನ್ನನ್ನು ನೋಡುತ್ತಿರುವಂತೆ ನನ್ನನ್ನು ಯಾವತ್ತೂ ನೋಡಿಲ್ಲ.

ಆ ಫ್ರೇಮನ್ನು ಮನೆಗೆ ತಂದೆ. ನಮ್ಮ ಗೋಡೆಗಾದರೂ ಹಾಕೋಣ ಎಂದು ಮೊಳೆ ಹಿಡಿದು ನಿಂತರೆ ಅಮ್ಮ ಬಿಡಲಿಲ್ಲ. "ಬೇಡ, ಸುಮಾ ಬಂದಾಗ ನೋಡಿ ನೊಂದ್ಕೊತಾಳೆ. ಬಸುರಿ ಹುಡುಗಿ" ಎಂದು ಬೀರುವಿನ ಹಿಂದೆ ತಿರುಗಿಸಿ ಇಟ್ಟಳು. ನಾನು ಜಗಳವಾಡಿದೆ. ಅವಳ ಹಟ ನಿನಗೆ ಗೊತ್ತಲ್ಲ.

ಇದರ ನಡುವೆ ನಿನ್ನ ಮೆಸೇಜು ಬಂತು. ಸೀಮಂತ ತವರಲ್ಲೇ ಆಗಲಿ, ಫೋಟೋ ನೀನೇ ತೆಗಿ, ಒಂದು ದೊಡ್ಡ ಪ್ರಿಂಟು ಮಾಡಿಕೊಡು ಅಕ್ಕ, ಈ ಸಲ ಬೆಳಕು ಚೆನ್ನಾಗಿರಲಿ, ನಾಯ್ಸ್ ಬರದ ಹಾಗೆ. ಓದಿ ನನಗೆ ನಗು ಬಂತು. ಬೆಳಕು ಚೆನ್ನಾಗಿಯೇ ಇರುತ್ತದೆ, ಮಹಡಿಯ ಮೇಲೆ ಹಗಲು ಹೊತ್ತಿನಲ್ಲಿ ಮಾಡೋಣ. ಆದರೆ ನನ್ನದೊಂದು ಮಾತಿದೆ. ನಿನಗೆ ಮೊದಲ ಬಳೆ ಅಮ್ಮ ತೊಡಿಸಬೇಕು. ಎಲ್ಲರ ಎದುರಿಗೆ. ನಾನು ಕರೆದರೆ ಅವಳು ಬರುವುದಿಲ್ಲ, ಮಹದೇವ್ ಮಾವ ಕರೆದರೂ ಬರುವುದಿಲ್ಲ. ನೀನೇ ಮಣೆಯಿಂದ ಎದ್ದು ಹೋಗಿ ಕೈ ಹಿಡಿದು ಕರೆತರಬೇಕು. ಆಗುವುದಿಲ್ಲ ಎಂದಾದರೆ ಈಗಲೇ ಹೇಳು, ನಾನು ಕ್ಯಾಮೆರಾ ಮುಟ್ಟುವುದಿಲ್ಲ. ಆ ಇನ್ನೊಂದು ಅಂಗಡಿಯವರನ್ನು ಕರೆಸಿಕೋ, ಅವರು ಚೆನ್ನಾಗಿ ಕ್ಲೀನ್ ಮಾಡುತ್ತಾರೆ.

ಈ ಪತ್ರ ಬರೆಯುವುದೇ ಬೇಡ ಎಂದು ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಅಮ್ಮ ಬಾಗಿಲ ಹತ್ತಿರ ಬಂದು, ಮೆತ್ತಗೆ ಒಂದು ಮಾತು ಕೇಳಿದಳು. ಅದರಲ್ಲಿ ಕೊಂಕಿರಲಿಲ್ಲ. ನಮ್ಮಮ್ಮನಿಗೆ ಕೊಂಕು ಬರುವುದಿಲ್ಲ. "ಚೇತನಾ, ನಿಂಗೆ ಕ್ಯಾಮೆರಾ ವಿಷಯ ಎಲ್ಲ ಗೊತ್ತಿರ್ತದಲ್ಲ. ಸೀಮಂತದ ದಿನ ನಾನು ಎಲ್ಲಿ ನಿಂತ್ಕೊಂಡ್ರೆ ಫೋಟೋದಲ್ಲಿ ಬೀಳಲ್ಲ ಹೇಳು. ಆಮೇಲೆ ಸುಮಾಗೆ ಕ್ಲೀನ್ ಮಾಡಿಸೋ ಕಷ್ಟ ಬೇಡ."

ಅವಳ ಸ್ವಂತ ಮನೆಯಲ್ಲಿ ಅವಳು ಎಲ್ಲಿ ನಿಲ್ಲಬೇಕೆಂದು ನಾನು ಹೇಳಬೇಕೇ? ಬಸ್ಸು ಹೋಗುತ್ತದೆ ಎಂದು ಹೇಳಿ ಓಡಿ ಬಂದೆ. ಅವಳು ಇನ್ನೂ ಕಾಯುತ್ತಿದ್ದಾಳೆ. ಉತ್ತರ ನೀನು ಹೇಳು.

ಹೆರಿಗೆ ಸುಸೂತ್ರವಾಗಲಿ, ತಾಯಿ ಮಗು ಸುಖವಾಗಿರಿ. ನಿನ್ನ ಮಗುವಿಗೆ ನಿನ್ನನ್ನು ಕಂಡು ಯಾವತ್ತೂ ನಾಚಿಕೆಯಾಗದಿರಲಿ.

ನಿನ್ನ ಅಕ್ಕ,
ಚೇತನಾ